ಪಂದ್ಯದ ಸಾರು

ನಮ್ಮೂರಿನಲ್ಲಿ ಫೈನಲ್ ಸೋತ ಕೇರಿಯ ಅಡಿಗೆಗೆ ಮುಂದಿನ ಫೈನಲ್ಲಿನವರೆಗೆ ಉಪ್ಪು ಹತ್ತುವುದಿಲ್ಲ. ಹೊಸಬರು ಇದನ್ನು ಕೇಳಿ ನಗುತ್ತಾರೆ. ನಗಲಿ. ಸೋತ ಕೇರಿಯಲ್ಲಿ ಒಂದು ಹೊತ್ತು ಉಂಡ ಮೇಲೆ ಯಾರೂ ನಕ್ಕಿದ್ದನ್ನು ನಾನು ಕಂಡಿಲ್ಲ. ಬೊಗಸೆಗಟ್ಟಲೆ ಸುರಿದರೂ ಅಷ್ಟೇ; ಸಾರು ಸಪ್ಪೆ, ಪಲ್ಯ ಸಪ್ಪೆ, ಹಾಕಿಟ್ಟ ಉಪ್ಪಿನಕಾಯಿ ಜಾಡಿಯಲ್ಲೇ ಬೂಷ್ಟು ಹಿಡಿದು ಹಾಳಾಗುತ್ತದೆ. ದೇಶದಲ್ಲಿ ಎಷ್ಟೋ ಊರುಗಳಿವೆ, ಎಷ್ಟೋ ಫುಟ್‌ಬಾಲ್ ಕ್ಲಬ್ಬುಗಳಿವೆ. ಆದರೆ ರಾಷ್ಟ್ರಕಪ್ಪಿನ ಫೈನಲ್ಲಿಗೆ ಪ್ರತಿ ವರ್ಷ ಬಂದು ನಿಲ್ಲುವವು ನಮ್ಮೂರಿನ ಎರಡೇ: ಕಾಲುವೆಯ ಆಚೆಯ ದಂಡುಪೇಟೆ ಯೂನಿಯನ್, ಈಚೆಯ ಸುಣ್ಣಗೂಡು ಸ್ಪೋರ್ಟಿಂಗ್. ಯಾಕೆ ಹೀಗೆ ಎಂದು ಕೇಳುವವರು ನಮ್ಮಲ್ಲಿಲ್ಲ. ಕೇಳಿದರೆ ಒಲೆ ಹೊತ್ತಿಸುವುದು ತಪ್ಪುತ್ತದೆಯೇ?

ನಾನು ಹುಟ್ಟಿದ್ದು ದಂಡುಪೇಟೆಯಲ್ಲಿ, ಸೇರಿದ್ದು ಸುಣ್ಣಗೂಡಿಗೆ. ನನ್ನ ಅಪ್ಪ ಯಾವುದೋ ಹಳೆಯ ಗೆಳೆತನಕ್ಕೆ ಕಟ್ಟುಬಿದ್ದು ಮಾತು ಕೊಟ್ಟುಬಿಟ್ಟಿದ್ದ, ಕೊಟ್ಟು ಮದುವೆಗೆ ಮುಂಚೆಯೇ ಕಣ್ಣು ಮುಚ್ಚಿದ. ಅಮ್ಮನಿಗೆ ಮನಸ್ಸಿರಲಿಲ್ಲ. "ಉಪ್ಪಿಲ್ಲದ ಮನೆಗೆ ಮಗಳನ್ನ ಕೊಡ್ತಾ ಇದೀನಿ" ಎಂದು ಅರಿಶಿನ ಹಚ್ಚುವಾಗಲೂ ಗೊಣಗುತ್ತಿದ್ದಳು. ನಾನು ಬರುವ ಹೊತ್ತಿಗೆ ಸುಣ್ಣಗೂಡು ಎಷ್ಟು ವರ್ಷದಿಂದ ಸೋಲುತ್ತಿತ್ತೆಂದರೆ, ಮಕ್ಕಳಿಗೆ ಉಪ್ಪು ಎಂದರೆ ಬಿಳಿ ಪುಡಿ ಅಷ್ಟೇ ಆಗಿತ್ತು. ಸೋತು ಸುಣ್ಣವಾಗುವುದು ಎಂಬ ಮಾತು ಇವರನ್ನು ನೋಡಿಯೇ ಹುಟ್ಟಿದ್ದು ಎಂದು ನಮ್ಮ ದಂಡುಪೇಟೆಯ ಗಂಡಸರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ನಕ್ಕಿದ್ದೇನೆ.

ಮನುಷ್ಯ ಎಲ್ಲಕ್ಕೂ ಒಗ್ಗುತ್ತಾನೆ. ಸುಣ್ಣಗೂಡಿನ ಹೆಂಗಸರು ಹುಳಿಯನ್ನು ಹೆಚ್ಚು ಮಾಡಿ, ಖಾರವನ್ನು ಕಣ್ಣಲ್ಲಿ ನೀರು ಬರುವಷ್ಟು ಅರೆದು, ಅದಕ್ಕೇ ರುಚಿ ಎಂದು ಹೆಸರಿಟ್ಟುಕೊಂಡಿದ್ದರು. ಆಚೆಯಿಂದ ಡಬ್ಬಿಯಲ್ಲಿ ಸಾರು ತಂದರೆ ಸೇತುವೆ ಇಳಿಯುವಷ್ಟರಲ್ಲಿ ಸಪ್ಪೆಯಾಗುತ್ತಿತ್ತು. ತಡೆಯಲಾರದವರು ತಾವೇ ಸೇತುವೆ ದಾಟಿ ದಂಡುಪೇಟೆಗೆ ಹೋಗಬೇಕು. ಅಲ್ಲಿ ದೊಡ್ಡ ಮನೆಗಳ ಜಗಲಿಯ ಮೇಲೆ ಚಾಪೆ ಹಾಸಿರುತ್ತಿದ್ದರು. ಅದಕ್ಕೆ ಸೋತವರ ಪಂಕ್ತಿ ಎಂದು ಹೆಸರು. ಮಧ್ಯಾಹ್ನದವರೆಗೆ ಮನೆಯವರ ಸೌದೆ ಒಡೆದು, ಗೋಡೆಗೆ ಸುಣ್ಣ ಬಳಿದು, ಹಿತ್ತಿಲು ಗುಡಿಸಿದರೆ ಒಂದು ಎಲೆ ಊಟ. ಬಡಿಸುವವರು "ಉಪ್ಪು ಸಾಕಾ?" ಎಂದು ಬೇಕೆಂದೇ ಕೇಳುತ್ತಿದ್ದರು. ಉಣ್ಣುವವರು ತಲೆ ಎತ್ತದೆ "ಸಾಕು ತಾಯಿ" ಎನ್ನುತ್ತಿದ್ದರು.

ಇಡೀ ಸುಣ್ಣಗೂಡಿನಲ್ಲಿ ಆ ಪಂಕ್ತಿಗೆ ಕೂರದ ಒಬ್ಬರೇ ಮನುಷ್ಯ ನನ್ನ ಮಾವ ಬೋರಲಿಂಗಯ್ಯ. ಸುಣ್ಣಗೂಡು ಕೊನೆಯ ಸಲ ಗೆದ್ದಾಗ ತಂಡದ ಕ್ಯಾಪ್ಟನ್ ಆಗಿದ್ದವರು. "ಗೆದ್ದು ಉಣ್ಣಬೇಕು, ಬೇಡಿ ಉಣ್ಣಬಾರ್ದು" ಎನ್ನುವುದು ಅವರ ಒಂದೇ ಮಾತು. ನನ್ನ ಮದುವೆ ನಡೆದದ್ದು ತವರಿನಲ್ಲಿ. ಅಮ್ಮ ಹಿಂದಿನ ದಿನದಿಂದ ಒಲೆಯ ಮುಂದೆ ನಿಂತು ಬೀಗರಿಗೆಂದು ಅಡಿಗೆ ಮಾಡಿಸಿದ್ದಳು. ಜಗಲಿಯ ಮೇಲಲ್ಲ, ನಡುಮನೆಯಲ್ಲೇ ಮೊದಲ ಎಲೆ ಹಾಕಿ ಮಾವನನ್ನು ಕೂರಿಸಿದಳು. ಮಾವ ಎಲೆಯ ಮೇಲಿನ ಅನ್ನ ಮುಟ್ಟಲಿಲ್ಲ. ಎರಡೂ ಕೈಯಿಂದ ಎಲೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, "ಬೀಗಿತ್ತಿ, ತೆಪ್ಪು ತಿಳೀಬ್ಯಾಡಿ, ಈ ಉಪ್ಪು ನಂದಲ್ಲ" ಎಂದು ಎದ್ದುಬಿಟ್ಟರು. ಅವರು ಎದ್ದ ಮೇಲೆ ಗಂಡಿನ ಕಡೆಯವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಬಿಸಿ ಅನ್ನದ ಎಲೆಗಳ ಸಾಲಿನ ನಡುವೆ ಸೌಟು ಹಿಡಿದು ನಿಂತ ಅಮ್ಮನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಮಾವನ ಮೇಲೆ ನನಗೆ ಸಿಟ್ಟಿರಬೇಕಿತ್ತು. ಇರಲಿಲ್ಲ. ಮನೆಗೆ ಬಂದ ಸೊಸೆಯನ್ನು ಅವರು ಮಗಳಂತೆ ನೋಡಿಕೊಂಡರು. ನಾನು ಉಪ್ಪು ತಿಂದು ಬೆಳೆದವಳು, ಸಪ್ಪೆ ಅನ್ನ ಗಂಟಲಲ್ಲಿ ಇಳಿಯದೆ ಅತ್ತ ಮೊದಲ ದಿನಗಳಲ್ಲಿ ಅವರೇ ಎದುರಿಗೆ ಕೂತು, "ಪಾರೋತಿ, ನಿನ್ ಗಂಡ ಗೋಲು ಕಾಯೋದು ಕಲೀತಾವ್ನೆ. ಇನ್ನೇನು, ಗೆದ್ದೇ ಗೆಲ್ತೀವಿ, ತಡ್ಕೊ ನನ್ನವ್ವ" ಎಂದು ಸಮಾಧಾನ ಹೇಳುತ್ತಿದ್ದರು. ನನ್ನ ಗಂಡ ಸಿದ್ದಲಿಂಗ ಸುಣ್ಣಗೂಡಿನ ಗೋಲ್‌ಕೀಪರ್. ಅವನಿಗೆ ಚೆಂಡು ಹಿಡಿಯುವುದನ್ನು ಕಲಿಸಿದವರು ಮಾವನೇ. ಅವರು ಬಯಸಿದ್ದು ಇಷ್ಟೇ: ಸಾಯುವ ಮುಂಚೆ ಮಗ ಗೆದ್ದ ಉಪ್ಪನ್ನು ತಮ್ಮ ಮನೆಯಲ್ಲಿ ಕೂತು ಉಣ್ಣಬೇಕು.

ಪಂದ್ಯ ನಡೆಯುವುದು ದೂರದ ರಾಜಧಾನಿಯಲ್ಲಿ. ಹೆಚ್ಚಿನ ಗಂಡಸರು ಅಲ್ಲಿಗೆ ಹೋದರೆ ಹೆಂಗಸರು ಮನೆಯಲ್ಲಿ ಪಂದ್ಯದ ಸಾರು ಇಡುತ್ತಾರೆ. ಆಟ ಶುರುವಾಗುವಾಗ ಒಲೆಯ ಮೇಲೆ ಪಾತ್ರೆ, ಅದಕ್ಕೆ ಹದವಾಗಿ ಉಪ್ಪು. ಕೊನೆಯ ಸೀಟಿ ಬಿದ್ದಾಗ ಒಂದು ಸೌಟು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುವುದು. ಯಾರು ಗೆದ್ದರೆಂದು ನಮಗೆ ತಿಳಿಯುವುದು ಹಾಗೆ. ರೇಡಿಯೋ ಹಚ್ಚುತ್ತೇವೆ, ಆದರೆ ನಂಬುವುದಿಲ್ಲ. ಅದಕ್ಕೂ ಕಾರಣವಿದೆ. ನಾನು ಬಂದ ಮೇಲೆ ಒಂದು ವರ್ಷ ಕೊನೆಯ ಗಳಿಗೆಯಲ್ಲಿ ಸುಣ್ಣಗೂಡು ಗೋಲು ಹೊಡೆಯಿತೆಂದು ರೇಡಿಯೋ ಕೂಗಿತು. ತಮಟೆ ಬಾರಿಸಿದರು, ಪಟಾಕಿ ಹಚ್ಚಿದರು, ಯಾರೋ ಮೊದಲೇ ಮಾಡಿಸಿಟ್ಟಿದ್ದ ತಗಡಿನ ಕಪ್ಪು ಹೊತ್ತು ಮೆರವಣಿಗೆ ಕೂಡ ತೆಗೆದರು. ಆಮೇಲೆ ಗೊತ್ತಾಯಿತು, ರೆಫರಿ ಆ ಗೋಲನ್ನು ಒಪ್ಪಿರಲಿಲ್ಲ. ಅದು ಗೊತ್ತಾಗುವ ಮುಂಚೆಯೇ ಮಾವ ಸೌಟು ಹಿಡಿದು ಬೀದಿಗೆ ಬಂದಿದ್ದರು. "ನಿಲ್ಸ್ರೋ ತಮಟೆ. ಸಾರು ಸಪ್ಪೆ ಐತೆ" ಎಂದಿದ್ದರು. ಕಿವಿ ಸುಳ್ಳು ಹೇಳುತ್ತದೆ, ಕಣ್ಣು ಸುಳ್ಳು ಹೇಳುತ್ತದೆ, ನಾಲಗೆ ಹೇಳುವುದಿಲ್ಲ ಎಂದು ಕೇರಿಯೆಲ್ಲ ಅವತ್ತು ಒಪ್ಪಿಕೊಂಡಿತು.

ಹೋದ ಚಳಿಗಾಲದಲ್ಲಿ ಮಾವನಿಗೆ ಕೆಟ್ಟ ಜ್ವರ ಬಂತು. ಬದುಕಿದ್ದೇ ಹೆಚ್ಚು. ಎದ್ದು ಕೂರುವಂತಾದರೂ ನಡೆಯಲಾಗಲಿಲ್ಲ. ಆಮೇಲಿಂದ ಹುಳಿ ಬೇಡ, ಖಾರ ಬೇಡ, ಬೆಲ್ಲ ಕೂಡ ಬೇಡ, ಬರೀ ಗಂಜಿ ಸಾಕು ಎನ್ನತೊಡಗಿದರು. ನಾವು ಅದನ್ನು ಮುಪ್ಪಿನ ಹಟ ಎಂದುಕೊಂಡೆವು. ಉಪ್ಪೇ ಇಲ್ಲದ ಕೇರಿಯಲ್ಲಿ ಒಬ್ಬ ಮುದುಕನ ಬಾಯಿಗೆ ರುಚಿ ಇದೆಯೋ ಇಲ್ಲವೋ ಎಂದು ನೋಡುವವರು ಯಾರು?

ಈ ವರ್ಷದ ಫೈನಲ್ಲಿನ ದಿನ ನಾನು ಎಂದಿನಂತೆ ಸಾರಿಟ್ಟೆ. ಮಾವ ಗೋಡೆಗೆ ಒರಗಿ ಕೂತಿದ್ದರು. ಆಟ ಮುಗಿದರೂ ಗೋಲಿಲ್ಲ, ಪೆನಾಲ್ಟಿಗೆ ಬಂತು. ಎರಡೂ ಕಡೆಯವರು ಹೊಡೆದು ಹೊಡೆದು ಸಮ ಮಾಡಿದರು, ಆಮೇಲೆ ಸುಣ್ಣಗೂಡು ಒಂದು ಗೋಲು ಮುಂದಾಯಿತು. ಕೊನೆಯ ಒದೆತಕ್ಕೆ ದಂಡುಪೇಟೆಯಿಂದ ಯಾರು ಬರುತ್ತಿದ್ದಾರೆಂದು ರೇಡಿಯೋದವನು ಹೇಳಿದಾಗ ನಾನು ಒಲೆ ಊದುವುದನ್ನು ಬಿಟ್ಟು ತಿರುಗಿದೆ. ವೀರಭದ್ರ, ನನ್ನ ತಮ್ಮ. ಆ ಕಡೆ ತಮ್ಮನ ಕಾಲು, ಈ ಕಡೆ ಗಂಡನ ಕೈ. ಅತ್ತ ದರಿ, ಇತ್ತ ಪುಲಿ. ಯಾರಿಗೆ ಒಳ್ಳೆಯದಾಗಲೆಂದು ಬೇಡಲಿ ನಾನು? ದೇವರೇ ಎಂದೆ, ಅಷ್ಟೇ. ರೇಡಿಯೋ ಕಿರುಚಿತು. ಅದು ಏನು ಹೇಳಿತೆಂದು ನಾನು ಕೇಳಿಸಿಕೊಳ್ಳಲಿಲ್ಲ. ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದೆ.

ಉಪ್ಪು! ಎಷ್ಟು ವರ್ಷವಾಗಿತ್ತು ಸ್ವಂತ ಒಲೆಯ ಮುಂದೆ ಆ ರುಚಿ ಕಂಡು! ನಾಲಗೆಯಿಂದ ಕಿವಿಯವರೆಗೆ ಝುಮ್ಮೆಂದಿತು. ಪಕ್ಕದ ಮನೆಯಲ್ಲಿ ಯಾರೋ ಹೋ ಎಂದು ಅತ್ತರು, ಅದರಾಚೆ ಇನ್ನೊಬ್ಬರು, ಆಮೇಲೆ ಕೇರಿಗೆ ಕೇರಿಯೇ ಅತ್ತಿತು. ನಾನು ಬಟ್ಟಲಿಗೆ ಸಾರು ಬಗ್ಗಿಸಿಕೊಂಡು ಓಡಿದೆ. "ಮಾವ, ಗೆದ್ವಿ! ತಗೊಳ್ಳಿ, ನಿಮ್ಮ ಮಗ ಗೆದ್ದ ಉಪ್ಪು" ಎಂದು ತುಟಿಗೆ ಹಿಡಿದೆ.

ಮಾವ ಕಣ್ಣು ಮುಚ್ಚಿಕೊಂಡು ಕುಡಿದರು. ಬಾಯಲ್ಲೇ ಇಟ್ಟುಕೊಂಡು ಅತ್ತಿತ್ತ ಆಡಿಸಿದರು. ನುಂಗಿ, ಇನ್ನೊಂದು ಗುಟುಕು ಕುಡಿದರು. ಆಮೇಲೆ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

"ಯಾಕವ್ವ, ನೀನೂ ಸುಳ್ಳು ಹೇಳಾಕೆ ಸುರು ಮಾಡ್ದಾ?" ಎಂದರು.

ನನಗೆ ಅರ್ಥವಾಗಲಿಲ್ಲ. ಮತ್ತೆ ಕುಡಿಸಿದೆ. ಉಪ್ಪಿನ ಹರಳನ್ನೇ ನಾಲಗೆಯ ಮೇಲೆ ಇಟ್ಟೆ. ಬೆಲ್ಲದ ಚೂರು ಇಟ್ಟೆ. ಹುಣಸೆಹಣ್ಣು ಇಟ್ಟೆ. ಅವರ ಮುಖ ಒಂದಿಷ್ಟೂ ಅಲುಗಲಿಲ್ಲ. ಆಗ ನನಗೆ ಅರ್ಥವಾಯಿತು. "ಮಾವ, ಜ್ವರದಲ್ಲಿ ನಿಮ್ಮ ನಾಲಗೆ ಸತ್ತುಹೋಗಿದೆ" ಎಂದೆ.

"ನಾಲಗೆ ಸತ್ತಿದ್ರೆ ನಿನ್ ಜೊತೆ ಹೆಂಗ್ ಮಾತಾಡ್ತಿದ್ದೆ?" ಎಂದು ಗದರಿದರು. ಬೀದಿಯ ತಮಟೆ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. "ಅವತ್ತೂ ಹಿಂಗೇ ಬಾರಿಸಿದ್ರು" ಎಂದರು.

ಮರುದಿನ ಸಿದ್ದಲಿಂಗ ಕಪ್ಪು ಹೊತ್ತುಕೊಂಡು ಬಂದ. ಕೇರಿಯೆಲ್ಲ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ತಂದಿತ್ತು. ಅವನು ಇಳಿದು, ಎಲ್ಲರನ್ನೂ ಹೊರಗೆ ಬಿಟ್ಟು, ಒಬ್ಬನೇ ಒಳಗೆ ಬಂದು ಅಪ್ಪನ ಕಾಲ ಬಳಿ ಕಪ್ಪು ಇಟ್ಟ. ಮಾವ ಅದನ್ನು ಬೆರಳಲ್ಲಿ ತಟ್ಟಿ ನೋಡಿದರು. ಆಮೇಲೆ ಮಗನ ತಲೆ ಸವರಿದರು.

"ತಗಡಿನ ಕಪ್ಪು ಯಾರ್ ಮಾಡಿಸ್ಕೊಟ್ರು ಮಗ? ಚೆನ್ನಾಗೇ ಮಾಡವ್ರೆ. ನನ್ ಸಂತೋಸಕ್ಕೆ ಇಷ್ಟೆಲ್ಲ ಯಾಕೆ? ಬೇಜಾರ್ ಮಾಡ್ಕಬ್ಯಾಡ, ಮುಂದ್ಲ ವರ್ಸ ಹಿಡೀವಂತೆ ಬಿಡು."

ಸಿದ್ದಲಿಂಗ ಆಣೆ ಇಟ್ಟ, ಅತ್ತ, ಕೂಗಾಡಿದ. ಕೇರಿಯ ಹಿರಿಯರು ಬಂದು ಹೇಳಿದರು. ಹೇಳಿದಷ್ಟೂ ಮಾವನಿಗೆ ಇವರೆಲ್ಲ ಸೇರಿ ತನ್ನನ್ನು ಮಗುವಿನಂತೆ ರಮಿಸುತ್ತಿದ್ದಾರೆ ಎಂದೇ ಖಾತ್ರಿಯಾಗುತ್ತ ಹೋಯಿತು. ಹಿರಿಯರು ಎದ್ದು ಹೊರಟರು. ಅವರಿಗೂ ಬೇರೆ ಕೆಲಸವಿತ್ತು. ಸುಣ್ಣಗೂಡಿನ ಜಗಲಿಗಳ ಮೇಲೆ ಆಗಲೇ ಚಾಪೆ ಹಾಸಿದ್ದರು, ದಂಡುಪೇಟೆಯವರು ಯಾವಾಗ ಬಂದಾರು ಎಂದು ಕಾಯುತ್ತಿದ್ದರು. "ಉಪ್ಪು ಸಾಕಾ ಅಂತ ನಾನೇ ಕೇಳ್ಬೇಕು" ಎಂದು ಪಕ್ಕದ ಮನೆಯವಳು ಸೀರೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಅಷ್ಟು ವರ್ಷ ಉಂಡ ಅವಮಾನದಿಂದ ಇವರು ಕಲಿತದ್ದು ಅದನ್ನು ಬಡಿಸುವುದನ್ನು ಮಾತ್ರ.

ಮಾವ ಗಂಜಿಯನ್ನೂ ಬಿಟ್ಟರು. ಒಂದು ಬೆಳಿಗ್ಗೆ ನನ್ನನ್ನು ಕರೆದು, "ಪಾರೋತಿ, ನನ್ ಹಟ ಸಾಕು ಕಣವ್ವ. ಗೆದ್ದು ಉಣ್ಣೋದು ನನ್ ಹಣೇಲಿ ಬರೆದಿಲ್ಲ. ಸಾಯೋಕ್ ಮುಂಚೆ ಒಂದು ತುತ್ತು ಉಪ್ಪಿನನ್ನ ಬೇಕು. ನಿಮ್ಮವ್ವನ ಮನೆಗೆ ಎತ್ಕೊಂಡು ಹೋಗಿ" ಎಂದರು. ಅಷ್ಟು ವರ್ಷ ಸೋತಾಗಲೂ ಬಗ್ಗದ ಕುತ್ತಿಗೆ, ಗೆದ್ದ ವಾರದಲ್ಲಿ ಬಗ್ಗಿತು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಆದರೆ ಆ ಕ್ಷಣವೇ ಒಂದು ಉಪಾಯ ಹೊಳೆಯಿತು. ಸಪ್ಪೆಯಾದದ್ದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು ದಂಡುಪೇಟೆಯ ಹೆಂಗಸಿಗೆ ಸಾವಿಗೆ ಸಮ. ಅಂಥವಳೇ "ನಮ್ಮ ಮನೆಯಲ್ಲಿ ಉಪ್ಪಿಲ್ಲ, ಗೆದ್ದದ್ದು ನೀವು" ಎಂದರೆ ಮಾವ ನಂಬದೆ ಇರುತ್ತಾರೆಯೇ? ನಾನೊಬ್ಬಳೇ ತವರಿಗೆ ಓಡಿದೆ. ದಂಡುಪೇಟೆಯ ಬೀದಿಗೆ ಸಾವಾದ ಮನೆಯ ಕಳೆ ಬಂದಿತ್ತು. ಅಡಿಗೆಮನೆಗಳಲ್ಲಿ ಪಾತ್ರೆ ಎಸೆಯುವ ಸದ್ದು, ಅನ್ನ ಉಗಿಯುವ ಮಕ್ಕಳ ಅಳು. ತಮ್ಮ ವೀರಭದ್ರ ಕೋಣೆಯ ಬಾಗಿಲು ಹಾಕಿಕೊಂಡಿದ್ದ.

ಅಮ್ಮ ನಂಜಮ್ಮಣ್ಣಿ ಅಕ್ಕಿ ಆರಿಸುತ್ತ ಕೂತಿದ್ದಳು. ಎಲ್ಲವನ್ನೂ ಹೇಳಿದೆ. ಕಾಲು ಹಿಡಿದುಕೊಂಡೆ. "ಸುಳ್ಳು ಹೇಳು ಅಂತ ಕೇಳ್ತಿಲ್ಲ ಅಮ್ಮ. ಇರೋದನ್ನ ಹೇಳು, ಒಂದೇ ಮಾತು. ಅವರು ನೆಮ್ಮದಿಯಾಗಿ ಸಾಯ್ತಾರೆ" ಎಂದೆ.

ಅಮ್ಮ ಅಕ್ಕಿಯ ಕಲ್ಲು ಹೆಕ್ಕುತ್ತಲೇ ಇದ್ದಳು. ಕೊನೆಗೆ ಮೊರ ಕೆಳಗಿಟ್ಟು, "ಕರ್ಕೊಂಡು ಬಾ" ಎಂದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಸಿದ್ದಲಿಂಗ ಮತ್ತು ತಂಡದ ಮೂವರು ಹುಡುಗರು ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಸೇತುವೆ ದಾಟಿಸಿದರು. ಕಿಟಕಿಗಳ ಹಿಂದೆ ಜನ ನಿಂತು ನೋಡಿದರು. ಅಮ್ಮ ನಡುಮನೆಯಲ್ಲಿ, ನನ್ನ ಮದುವೆಯ ದಿನ ಹಾಕಿದ ಅದೇ ಜಾಗದಲ್ಲಿ ಎಲೆ ಹಾಕಿದ್ದಳು. ಅನ್ನ, ಸಾರು, ಹುರುಳಿಕಾಯಿ ಪಲ್ಯ. ತಾನೂ ಎದುರಿಗೆ ಒಂದು ಎಲೆ ಹಾಕಿಕೊಂಡು ಕೂತಳು. ವೀರಭದ್ರ ಬಾಗಿಲ ಬಳಿ ಬಂದು ನಿಂತ. ನಾನು ಸಾರಿನ ಒಂದು ಹನಿ ನಾಲಗೆಗೆ ಹಚ್ಚಿಕೊಂಡು ನೋಡಿದೆ. ನೀರಿನಷ್ಟು ಸಪ್ಪೆ.

ಮಾವ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ತಾವೇ ಕಲಸಿ, ತಾವೇ ಒಂದು ತುತ್ತು ಬಾಯಿಗಿಟ್ಟುಕೊಂಡರು. ಅಗಿದರು, ನುಂಗಿದರು. ಇನ್ನೊಂದು ತುತ್ತು. ಆಮೇಲೆ ಮೆಲ್ಲಗೆ ತಲೆ ಎತ್ತಿ ಕೇಳಿದರು: "ಬೀಗಿತ್ತಿ, ಇದ್ರಾಗೆ ಉಪ್ಪು ಐತಾ?"

ಅಮ್ಮ ತನ್ನ ಎಲೆಯಿಂದ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡಳು. ಚಪ್ಪರಿಸಿದಳು.

"ಇದೆಯಲ್ಲ ಬೀಗರೇ. ಹದವಾಗಿದೆ" ಎಂದಳು.

"ಸುಳ್ಳು!" ಎಂದು ನಾನು ಕಿರುಚಿದೆ. ಸಿದ್ದಲಿಂಗ ಅಮ್ಮನ ಮುಂದೆ ಮಂಡಿಯೂರಿ, "ಅತ್ತೆ, ನಿಮ್ ಕಾಲ್ ಬೀಳ್ತೀನಿ, ದಿಟ ಹೇಳಿ" ಎಂದ. ವೀರಭದ್ರ ಬಾಗಿಲು ಬಿಟ್ಟು ಹೊರಗೆ ಹೋದ. ಅಮ್ಮ ಇನ್ನೊಂದು ಸೌಟು ಸಾರು ಬಡಿಸಿಕೊಂಡಳು.

ಮಾವ ಕೈ ಎತ್ತಿ ನಮ್ಮನ್ನು ಸುಮ್ಮನಿರಿಸಿದರು. "ಉಣ್ಣಾಕಿಕ್ಕಿದ ತಾಯಿನ ಸುಳ್ಳುಗಾತಿ ಅನ್ಬ್ಯಾಡಿ" ಎಂದರು. ನನ್ನ ಕಡೆ ತಿರುಗಿ, "ಪಾರೋತಿ, ನೀನ್ ಒಂದ್ ಮಾತು ದಿಟ ಹೇಳಿದ್ದೆ ಕಣವ್ವ. ನನ್ ನಾಲಗೆ ಸತ್ತೈತೆ. ಇಲ್ಲಿ ಉಪ್ಪೈತೆ, ನಂಗೆ ಗೊತ್ತಾಗ್ತಿಲ್ಲ. ಗೆದ್ದಿದ್ದು ಮಾತ್ರ ಸುಳ್ಳಾಯ್ತು" ಎಂದರು. ಎಲೆಯಲ್ಲಿದ್ದುದನ್ನು ಒಂದು ಅಗುಳೂ ಬಿಡದೆ ಉಂಡರು. ಎಲೆಯನ್ನು ತಮ್ಮ ಕಡೆಗೆ ಮಡಿಸಿದರು. "ಊಟ ಚೆಂದಾಗಿತ್ತು ಬೀಗಿತ್ತಿ. ಅವತ್ತು ಎಲೆ ತಳ್ಳಿದ್ದು ನನ್ನದೇ ತೆಪ್ಪು" ಎಂದು ಕೈಮುಗಿದರು.

ಅಮ್ಮ ಆಗಲಾದರೂ ಹೇಳಬಹುದಿತ್ತು. ಅವಳ ತುಟಿ ಅಲುಗಿದ್ದನ್ನು ನಾನು ಕಂಡೆ. ಹೇಳಲಿಲ್ಲ. ಕುರ್ಚಿ ಎತ್ತಿಕೊಂಡು ಅವರು ಮುಂದೆ ಹೋದ ಮೇಲೆ ನಾನು ಹೊಸಿಲಲ್ಲಿ ನಿಂತು, "ಯಾಕಮ್ಮ?" ಎಂದು ಕೇಳಿದೆ.

"ಊರ ಮುಂದೆ ನನ್ನ ಎಲೆ ತಳ್ಳಿದ್ದ. ಇವತ್ತು ಸೋತವನಾಗಿ ಕೂತು ಉಂಡ" ಎಂದಳು. "ನಿನ್ನ ಗಂಡ ಹಿಡಿದದ್ದು ನನ್ನ ಮಗನ ಚೆಂಡು. ನಾನೂ ಏನಾದರೊಂದು ಗೆಲ್ಲಬೇಡವೇನೇ?"

ಮಾವ ಆ ವಾರ ದಾಟಲಿಲ್ಲ. ಪ್ರಾಣ ಹೋಗುವಾಗಲೂ ಮಗನ ಕೈ ಹಿಡಿದುಕೊಂಡು, "ಎಡಗಡೆ ಹಾರೋದು ಕಲಿ, ಮುಂದ್ಲ ವರ್ಸ ಹಿಡೀತೀಯ" ಎನ್ನುತ್ತಿದ್ದರು. ಸಿದ್ದಲಿಂಗ ಆ ದಿನ ಹಾರಿದ್ದು ಎಡಗಡೆಗೇ. "ಆಗಲಿ ಅಪ್ಪಯ್ಯ" ಎಂದ. ತಿಥಿಯ ಅಡಿಗೆ ಬಹಳ ರುಚಿಯಾಗಿತ್ತೆಂದು ಬಂದವರೆಲ್ಲ ಹೇಳಿದರು. ಸುಣ್ಣಗೂಡಿನಲ್ಲಿ ಅಷ್ಟು ವರ್ಷಗಳ ನಂತರ ಉಪ್ಪು ಹತ್ತಿದ ಮೊದಲ ಪಂಕ್ತಿ ಅದು. ಸಿದ್ದಲಿಂಗ ಮಾತ್ರ ಎಲೆಯ ಮುಂದೆ ಕೂತು ಎದ್ದುಹೋದ. ಆಮೇಲೆ ಅವನು ಮೈದಾನದ ಕಡೆಗೆ ತಲೆ ಹಾಕಿಲ್ಲ. ಕ್ಲಬ್ಬಿನವರು ಬಂದು ಕರೆದರೆ, "ಆ ಚೆಂಡು ನಾನು ಹಿಡಿದಿಲ್ಲ ಬಿಡ್ರಪ್ಪ" ಎನ್ನುತ್ತಾನೆ.

ಅಮ್ಮ ಮೊನ್ನೆ ಬಂದಳು. ಎಷ್ಟು ಬಿಗುಮಾನದವಳಾದರೂ ಉಪ್ಪಿಲ್ಲದೆ ಎಷ್ಟು ತಿಂಗಳು ತಡೆದಾಳು? ಸೊರಗಿ ಅರ್ಧವಾಗಿದ್ದಳು. ಸೇತುವೆ ಇಳಿದು, ಚಾಪೆ ಹಾಸಿದ ಜಗಲಿಗಳನ್ನೆಲ್ಲ ದಾಟಿ, ತಲೆಯ ಮೇಲೆ ಸೆರಗು ಎಳೆದುಕೊಂಡು ನಮ್ಮ ಬಾಗಿಲಿಗೆ ಬಂದು ನಿಂತಳು. "ಮಗಳ ಮನೆ ಅಲ್ಲವೇ, ಒಂದು ತುತ್ತು ಉಣ್ಣಬೇಕು ಅನ್ನಿಸ್ತು" ಎಂದಳು. ಪಕ್ಕದ ಮನೆಯವಳು, "ಆಯಮ್ಮನ್ನ ಜಗಲೀಲೇ ಕೂರ್ಸವ್ವ" ಎಂದಳು. ನಾನು ಒಳಗೆ ಕರೆದೆ. ಮಾವ ಒರಗಿ ಕೂರುತ್ತಿದ್ದ ಗೋಡೆಯ ಬಳಿ ಎಲೆ ಹಾಕಿ ಕೂರಿಸಿದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಉಪ್ಪು ಹಾಕುವ ಮುಂಚೆ ಅದರಲ್ಲಿ ಒಂದು ಪಾತ್ರೆಯಷ್ಟು ಬೇರೆ ತೆಗೆದಿಟ್ಟೆ.

ಅಮ್ಮ ಆಸೆಯಿಂದ ಕಲಸಿ, ದೊಡ್ಡ ತುತ್ತು ಮಾಡಿ ಬಾಯಿಗಿಟ್ಟುಕೊಂಡಳು. ಅಗಿಯುವುದು ನಿಂತಿತು. ನನ್ನ ಮುಖ ನೋಡಿದಳು.

"ಪಾರ್ವತಿ, ಉಪ್ಪು..." ಎಂದಳು.

"ಇದೆಯಲ್ಲಮ್ಮ. ಹದವಾಗಿದೆ" ಎಂದೆ.

ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗ ಹಿತ್ತಿಲಿಗೆ ಹೋದ. ಅಮ್ಮ ಬಾಯಲ್ಲಿದ್ದುದನ್ನು ನುಂಗಿದಳು. ಆಮೇಲೆ ತಲೆ ತಗ್ಗಿಸಿಕೊಂಡು, ಒಂದೊಂದೇ ತುತ್ತು ನುಂಗತೊಡಗಿದಳು. ಎಲೆ ಖಾಲಿಯಾಗುತ್ತ ಬಂದಾಗ ನಾನು ಬಗ್ಗಿ ಇನ್ನೊಂದು ಸೌಟು ಬಡಿಸಿದೆ.